ಫ್ರಿಜ್ಜಿನ ಯೋಗಕ್ಷೇಮ ಕೇಳುತ್ತಿದ್ದವರು

ಮನೆಗೆ ಬಂದವರು ಮೊದಲು ಮನೆಯವರ ಯೋಗಕ್ಷೇಮ ಕೇಳುತ್ತಾರೆ. ಅಕ್ಕನ ಮನೆಗೆ ಬರುತ್ತಿದ್ದ ಮೇಲಿನ ಮನೆಯ ಮಾಮ ಫ್ರಿಜ್ಜಿನದು ಕೇಳುತ್ತಿದ್ದರು. "ಹೇಗಿದೆ?" ಅನ್ನುವರು. "ಚೆನ್ನಾಗಿದ್ದೀವಿ ಮಾಮ" ಅಂದರೆ, "ನೀವಲ್ಲಮ್ಮ, ಅದು" ಎಂದು ಅಡುಗೆಮನೆಯ ಕಡೆಗೆ ಗದ್ದ ತೋರಿಸುವರು. ಒಳಗೆ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಫ್ರಿಜ್ಜಿನ ಪಕ್ಕಕ್ಕೆ ಅಂಗೈ ಒತ್ತಿ ನಿಲ್ಲುವರು. ಆಮೇಲೆ ಐಸಿನ ಖಾನೆ ತೆಗೆದು ಒಂದು ಬಟ್ಟಲನ್ನು ಇಣುಕಿ ನೋಡಿ, "ಸದ್ಯ" ಎಂದು ಉಸಿರು ಬಿಡುವರು. ಕಾಫಿ ಕೊಡಬೇಕಾದರೆ ಅದೆಲ್ಲ ಮುಗಿದ ಮೇಲೆಯೇ.

ಆ ಬಟ್ಟಲಲ್ಲಿ ಇರುತ್ತಿದ್ದದ್ದು ಗಟ್ಟಿ ಐಸು, ಐಸಿನ ಮೇಲೆ ಒಂದು ರೂಪಾಯಿಯ ನಾಣ್ಯ. ಇಟ್ಟವರು ಅವರೇ. ನಾಣ್ಯ ಮೇಲೆಯೇ ಇದ್ದರೆ ಕರೆಂಟು ಹೆಚ್ಚು ಹೊತ್ತು ಹೋಗಿಲ್ಲ ಎಂದು ಅರ್ಥ. ತಳ ಸೇರಿದ್ದರೆ, ಯಾರೂ ನೋಡದಾಗ ಐಸು ಕರಗಿ ಮತ್ತೆ ಗಟ್ಟಿಯಾಗಿದೆ, ಫ್ರಿಜ್ಜಿನೊಳಗೆ ಬಿಸಿ ನುಗ್ಗಿದೆ ಎಂದು ಅರ್ಥ. ದಿಲ್ಲಿಯ ಜೂನ್ ತಿಂಗಳಲ್ಲಿ ಆ ನಾಣ್ಯ ಇಳಿಯಿತೋ ಇಲ್ಲವೋ ಎಂಬ ಚಿಂತೆಯಲ್ಲಿ ಅವರು ಸೊರಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ತಿಂಗಳು ಮಾಮ ತೀರಿಕೊಂಡರು, ತುಮಕೂರಿನಲ್ಲಿ, ತಮ್ಮನ ಮನೆಯಲ್ಲಿ. ಆ ಸುದ್ದಿ ಅಕ್ಕನಿಗೆ ಮುಟ್ಟಿದ ಬಗೆಯನ್ನು ಹೇಳಲೆಂದೇ ಬರೆಯಲು ಕೂತೆ. ಆದರೆ ಅದನ್ನು ಹೇಳಬೇಕಾದರೆ ಫ್ರಿಜ್ಜಿನಿಂದಲೇ ಶುರುಮಾಡಬೇಕು.

ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಎರಡು ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅಷ್ಟರೊಳಗೆ ಮಾತು ಬಂದಿತ್ತಾದ್ದರಿಂದ ಮಾತಾಡುತ್ತಾಳೆ, ಎದುರಿನವರ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾಳೆ. ಕನ್ನಡದ ತುಟಿ ಅವಳಿಗೆ ಸಲೀಸು, ಹಿಂದಿಯ ತುಟಿ ಕಷ್ಟ. ತರಕಾರಿ ಭಯ್ಯಾನ ಬಾಯಲ್ಲಂತೂ ಯಾವಾಗಲೂ ಪಾನ್ ಬೇರೆ. ಬಾವನಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ದಿಲ್ಲಿಯ ಕಿದ್ವಾಯಿ ನಗರದಲ್ಲಿ ಅಂಗಳವಿದ್ದ ಕೆಳಗಿನ ಕ್ವಾರ್ಟರ್ಸು ಅವರದು. ನಾನು ಮುಖರ್ಜಿ ನಗರದ ಒಂದು ಕೋಣೆಯಲ್ಲಿ ಕೂತು ಪರೀಕ್ಷೆಗಳಿಗೆ ಓದುತ್ತಿದ್ದೆ, ಭಾನುವಾರ ಬಂದರೆ ಸಾರು ಅನ್ನಕ್ಕೆಂದು ಅಕ್ಕನ ಮನೆಗೆ ಓಡುತ್ತಿದ್ದೆ.

ಮಾಮ ಮಹಡಿಯ ಮೇಲಿನವರು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸರ್ಕಾರಿ ಪ್ರಯೋಗಾಲಯದಲ್ಲಿ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದವರು. ಕೈ ನಡುಗಲು ಶುರುವಾದ ಮೇಲೆ ಅವರನ್ನು ಕಾಗದಪತ್ರ ನೋಡುವ ಮೇಜಿಗೆ ಹಾಕಿದ್ದರು. ರಿಪೇರಿಯ ಚಪಲ ಮಾತ್ರ ಹೋಗಿರಲಿಲ್ಲ. ಅವರ ಊಟದ ಮೇಜಿನ ಮೇಲೆ ಊಟ ಮಾಡುವಷ್ಟು ಜಾಗ ನಾನು ಯಾವತ್ತೂ ಕಂಡಿಲ್ಲ.

ಮೊದಮೊದಲು ಅಕ್ಕ ಅವರ ಮಾತಿಗೆ ಸುಮ್ಮನೆ ನಗುತ್ತಿದ್ದಳು. ಕಾರಣ ಅವರ ಮೀಸೆ. ಮೇಲ್ತುಟಿಯನ್ನು ಪೂರ್ತಿ ಮುಚ್ಚಿ ಕೆಳತುಟಿಗೂ ಅಷ್ಟು ನೆರಳು ಕೊಡುವಂಥದ್ದು. ಬಾವ ಸಂಕೋಚದಿಂದ ವಿಷಯ ಹೇಳಿದ ಮರುದಿನ ಬಾಗಿಲು ತೆಗೆದರೆ ಯಾರೋ ಅಪರಿಚಿತರು ನಿಂತಿದ್ದರು. ಮೂಗಿನ ಕೆಳಗೆ ಬಿಸಿಲು ಕಾಣದ ಬಿಳಿ ಪಟ್ಟಿ. "ಈಗ ಓದು" ಅಂದರು. ಅಕ್ಕ ಓದಿದಳು. ಅವತ್ತಿನಿಂದ ಅವರಿಬ್ಬರ ಮಾತು ಮುಗಿದದ್ದೇ ಇಲ್ಲ.

ಅಕ್ಕನಿಗೆ ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಂದವರು ಅವಳ ಅತ್ತೆ. ಶಿರಾದ ಕಡೆಯವರು. ದೊಡ್ಡ ದನಿ, ದೊಡ್ಡ ಕೈ, ಎಂಥ ಮಗುವನ್ನೂ ಎರೆದು ಮಲಗಿಸಬಲ್ಲವರು. ಅವರಿಗೆ ಇದ್ದದ್ದು ಒಂದೇ ಹೆದರಿಕೆ. "ನಾನು ಹೋದ್ಮೇಲೆ ಮಗು ಅತ್ರೆ ಕೇಳೋರ್ಯಾರು? ಇವನು ಆಫೀಸಲ್ಲಿರ್ತಾನೆ. ಇವಳು ಒಲೆ ಮುಂದೆ ಬೆನ್ನು ಹಾಕ್ಕೊಂಡು ನಿಂತಿರ್ತಾಳೆ." ಅದರಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ನಮಗೆ ಉತ್ತರ ಹೇಳಲು ಬರುತ್ತಿರಲಿಲ್ಲ.

ಉತ್ತರ ಮಾಡಿದವರು ಮಾಮ. ಮಗು ಮಲಗುವ ಕೋಣೆಯಲ್ಲಿ ಒಂದು ಡಬ್ಬಿ, ಅದರೊಳಗೆ ಶೇಂಗಾಬೀಜದಷ್ಟು ಮೈಕು. ಅಡುಗೆಮನೆಯ ಗೋಡೆಗೆ ಒಂದು ಕೆಂಪು ದೀಪ, ಅಕ್ಕನ ಮಂಚದ ಹತ್ತಿರ ಇನ್ನೊಂದು. ಮಗು ಅತ್ತರೆ ಎರಡೂ ಹತ್ತಬೇಕು. ವಿದೇಶದಲ್ಲಿ ಇಂಥವು ಅಂಗಡಿಯಲ್ಲೇ ಸಿಗುತ್ತವಂತೆ, ನಮ್ಮ ಪೇಟೆಯಲ್ಲಿ ಕಂಡವರಿರಲಿಲ್ಲ. ತೂತುಗಳಿದ್ದ ಸಾದಾ ಬೋರ್ಡಿನ ಮೇಲೆ ತಂತಿ ಎಳೆದು, ನಡುಗುವ ಕೈಯಲ್ಲೇ ಸೋಲ್ಡರಿಂಗ್ ಮಾಡಿ ನಿಲ್ಲಿಸಿದರು. ದೀಪ ಹತ್ತಿತು. ಕೆಲವು ವಾರ ಎಲ್ಲರೂ ಅದನ್ನೇ ನಂಬಿದೆವು.

ಒಂದು ಮಧ್ಯಾಹ್ನ ಒಳಗಿನ ಒಂದು ತಂತಿ ಬಿಟ್ಟುಕೊಂಡಿತು. ಅತ್ತೆ ಪಕ್ಕದ ಬ್ಲಾಕಿನವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ವಾಪಸು ಬಂದರೆ ಮಗು ಅತ್ತು ಅತ್ತು ಗಂಟಲು ಕಟ್ಟಿ, ಮುಖ ನೀಲಿಗಟ್ಟಿ ಬಿಕ್ಕುತ್ತಿದೆ. ಅಕ್ಕ ಅಡುಗೆಮನೆಯಲ್ಲಿ ದೀಪದ ಕಡೆ ಆಗಾಗ ನೋಡುತ್ತ, ನಿಶ್ಚಿಂತೆಯಿಂದ ಹುರುಳಿಕಾಯಿ ಹೆಚ್ಚುತ್ತಿದ್ದಾಳೆ. ಅತ್ತೆ ಬೈಯಲಿಲ್ಲ. ಸಂಜೆ ಮಗನನ್ನು ಕೂರಿಸಿಕೊಂಡು, "ಎರಡು ವರ್ಷ ತುಂಬೋವರೆಗೂ ಮಗು ನನ್ನ ಹತ್ರ ಇರ್ಲಿ. ಗಾಡಿಗೆ ಟಿಕೆಟ್ ತೆಗಿ" ಅಂದರು, ಅಷ್ಟೇ. ಬಾವ ಅಕ್ಕನ ಮುಖ ನೋಡದೆ ಹೋಗಿ ಟಿಕೆಟ್ ತೆಗೆದ. ಮಗುವಿಗೆ ಆಗ ಆರು ತಿಂಗಳು.

ಅಂದಿನಿಂದ ಮಾಮನ ಮುಖದಲ್ಲಿ ನೆಮ್ಮದಿ ಕಂಡವರಿಲ್ಲ. ತಪ್ಪು ತಂತಿಯದಲ್ಲ, ತಮ್ಮ ಕೈಯದು ಎಂದು ಅವರಿಗೆ ಗೊತ್ತಿತ್ತು. "ಇದಕ್ಕೆ ತಂತಿ ಎಳೆಯೋ ಬೋರ್ಡು ಸಾಲದು. ತಾಮ್ರದ ಗೆರೆ ಬೋರ್ಡಿನ ಮೈಮೇಲೇ ಇರ್ಬೇಕು, ಕಿತ್ಕೊಂಡು ಬರಬಾರ್ದು" ಅಂದರು. "ಮಾಮ, ಪೇಂಟಲ್ಲಿ ಗೆರೆ ಬರೀಬಹುದಂತಲ್ಲ?" ಎಂದು ನಾನು ಕೇಳಿದ್ದಕ್ಕೆ ಕೈಯನ್ನು ನನ್ನ ಮುಂದೆ ಚಾಚಿದರು. ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿತ್ತು. "ಕೂದಲೆಳೆಯಷ್ಟು ಗೆರೆ ಕಣಮ್ಮ. ನನ್ನ ಕೈ ನಡುಗುತ್ತೆ. ಬೆಳಕಿನ ಕೈ ನಡುಗಲ್ಲ."

ಹಾಗೆ ಬಂದದ್ದು ಆ ಫಿಲ್ಮು. ತೆಳ್ಳಗೆ, ತಿಳಿ ನೀಲಿಯಾಗಿ, ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಇರುವಂಥದ್ದು. ಅದನ್ನು ತಾಮ್ರದ ಬೋರ್ಡಿಗೆ ಅಂಟಿಸಿ, ಮೇಲೆ ನಕ್ಷೆಯ ಹಾಳೆ ಇಟ್ಟು ಬೆಳಕು ತೋರಿಸಿದರೆ ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತದೆ, ಬೀಳದಲ್ಲಿ ಬಟ್ಟೆ ಸೋಡಾದ ನೀರಿಗೆ ತೊಳೆದುಹೋಗುತ್ತದೆ. ಆಮೇಲೆ ಬೋರ್ಡನ್ನು ತಾಮ್ರ ತಿನ್ನುವ ದ್ರಾವಣದಲ್ಲಿ ಅದ್ದಿದರೆ ಗಟ್ಟಿ ಗೆರೆಗಳ ಕೆಳಗಿನ ತಾಮ್ರ ಮಾತ್ರ ಉಳಿಯುತ್ತದೆ. ಹಳೇ ದಿಲ್ಲಿಯ ಬಿಡಿಭಾಗಗಳ ಪೇಟೆಯೆಲ್ಲ ಸುತ್ತಿದರೂ ಸಿಕ್ಕಿರಲಿಲ್ಲ. ಸಹೋದ್ಯೋಗಿಯ ನೆಂಟರೊಬ್ಬರು ಸಿಂಗಪುರದಿಂದ ಬರುವಾಗ ಒಂದು ಸುರುಳಿ ತಂದುಕೊಟ್ಟರು. ಕೆಲಸಕ್ಕೆ ಮುನ್ನ ಅದು ಬೆಳಕು ಕಾಣಬಾರದು, ಬಿಸಿ ತಾಗಬಾರದು, ತೇವ ಸೇರಬಾರದು. ಅಂದರೆ ದಿಲ್ಲಿಯಲ್ಲಿರಬಾರದು ಎಂದು ಬಾವ ನಗೆಯಾಡಿದ. ಮಾಮ ನಗಲಿಲ್ಲ.

ಡಬ್ಬಿಗೆ ಬೇಕಾದ ಇತರ ಬಿಡಿಭಾಗಗಳು ಬರುವವರೆಗೆ ಸುರುಳಿಯನ್ನು ಕಾಪಾಡಬೇಕಿತ್ತು. ಅವರು ಅದನ್ನು ಮೂರು ತುಂಡು ಮಾಡಿ, ಒಂದೊಂದನ್ನೂ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ದೊಡ್ಡದು ತಮ್ಮ ಫ್ರಿಜ್ಜಿಗೆ, ನಡುವಿನದು ಅಕ್ಕನ ಫ್ರಿಜ್ಜಿಗೆ. ಉಳಿದ ಅಂಗೈ ಅಗಲದ ಚೂರನ್ನು ನನ್ನ ಕೈಗೆ ಕೊಟ್ಟರು. "ಇಲ್ಲಿ ಕರೆಂಟು ಹೋದ್ರೆ ಮೇಲೆ ಕೆಳಗೆ ಎರಡೂ ಹೋಗುತ್ತೆ. ನಿನ್ನ ಕಡೆ ಬೇರೆ ಲೈನು" ಅಂದರು. ನಮ್ಮ ಮಹಡಿಯ ಹುಡುಗಿಯರಿಗೆಲ್ಲ ಒಂದೇ ಫ್ರಿಜ್ಜು, ಅದರಲ್ಲಿ ಇಟ್ಟದ್ದು ಇಟ್ಟವರಿಗೆ ಸಿಕ್ಕರೆ ಪುಣ್ಯ. ಪೊಟ್ಟಣದ ಮೇಲೆ ಹಿಂದಿಯಲ್ಲಿ ದೊಡ್ಡದಾಗಿ 'ಕಹಿ ಔಷಧ' ಎಂದು ಬರೆದಿಟ್ಟೆ, ಯಾರೂ ಮುಟ್ಟಲಿಲ್ಲ. ಮಾಮ ಹೇಳಿದಂತೆ ಐಸಿನ ಖಾನೆಯಲ್ಲಿ ರೂಪಾಯಿಯ ಬಟ್ಟಲೂ ಇಟ್ಟೆ, ಅವರ ಫ್ರಿಜ್ಜಿನಲ್ಲೂ ಒಂದಿತ್ತು. ಮಾಮ ದಿನಕ್ಕೊಮ್ಮೆ ಮನೆ ಮಾಲಕಿಯ ಫೋನಿಗೆ ಕರೆ ಮಾಡಿ ನನ್ನನ್ನು ಕರೆಸುತ್ತಿದ್ದರು. "ರೂಪಾಯಿ ಮೇಲಿದೆಯಾ?" "ಮೇಲಿದೆ ಮಾಮ." "ಸದ್ಯ." ಮಾಲಕಿ ಆಂಟಿಗೆ ನಾನು ಯಾವುದೋ ಸಟ್ಟಾ ಜೂಜಿಗೆ ಬಿದ್ದಿದ್ದೇನೆ ಎಂದು ಅನುಮಾನ ಬಂದಿತ್ತು.

ಕಿದ್ವಾಯಿ ನಗರದ ಆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ದಿನ ಮಾಮನ ರೂಪಾಯಿ ತಳ ಕಂಡಿತು. ಹಳೆಯ ಫ್ರಿಜ್ಜು ಅವರದು. ಪೊಟ್ಟಣ ಬಿಚ್ಚಿದರೆ ಪದರಕ್ಕೆ ಪದರ ಅಂಟಿಕೊಂಡಿತ್ತು. ಅಕ್ಕನ ಫ್ರಿಜ್ಜು ಹೊಸದು, ಒಳಗಿನ ತಂಪು ಉಳಿದಿತ್ತು. "ಕೆಳಗಿನದು ಸಾಕು, ಧಾರಾಳ ಸಾಕು" ಎಂದು ಮಾಮ ತಮಗೆ ತಾವೇ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿ ಇಳಿದು ಮಾಡಿದರು.

ಅದರ ಮುಂದಿನ ಭಾನುವಾರ. ಗಾಡಿ ಇದ್ದದ್ದು ಗುರುವಾರ.

ನಾನು ಹೋದಾಗ ಅಂಗಳದಲ್ಲಿ ಮಂಚ ಹಾಕಿ, ಅತ್ತೆ ಸಬ್ಬಕ್ಕಿ ಸಂಡಿಗೆ ಹಾಕುತ್ತಿದ್ದರು. ಊರಿಗೆ ಹೊರಡುವ ಮುಂಚೆ ಸೊಸೆಗೆ ವರ್ಷಕ್ಕಾಗುವಷ್ಟು ಮಾಡಿಟ್ಟು ಹೋಗಬೇಕೆಂಬ ಆಸೆ. ಮಗುವನ್ನು ಕರೆದುಕೊಂಡು ಹೋಗುತ್ತಿದ್ದೇನಲ್ಲ ಎಂಬ ಕಸಿವಿಸಿಗೆ ಅದೊಂದು ಸಮಾಧಾನವೂ ಇರಬಹುದು. ಸೌಟಿನಿಂದ ಒಂದೇ ಅಳತೆಯ ಬೊಟ್ಟುಗಳು, ಸಾಲುಸಾಲಾಗಿ. ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಚಂದದ ನೀಲಿ ಬಣ್ಣದ್ದು. ನಾನು ಬಗ್ಗಿ ಅದರ ಅಂಚು ಎತ್ತಿ ನೋಡಿದೆ.

"ಅತ್ತೆ, ಈ ಹಾಳೆ ಎಲ್ಲಿತ್ತು?"

"ಫ್ರಿಜ್ಜಲ್ಲಿತ್ತು ಕಣೆ, ಕಪ್ಪು ಕವರಲ್ಲಿ ಸುತ್ತಿಟ್ಟಿದ್ರು. ಇಷ್ಟು ಚೆನ್ನಾಗಿರೋ ಪ್ಲಾಸ್ಟಿಕ್ಕನ್ನ ಯಾರಾದ್ರೂ ಫ್ರಿಜ್ಜಲ್ಲಿಡ್ತಾರಾ? ಈ ಊರಲ್ಲಿ ಸಂಡಿಗೆಗೆ ಒಂದು ನೆಟ್ಟಗಿರೋ ಹಾಳೆ ಸಿಗಲ್ಲ."

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಫ್ರಿಜ್ಜು ವಿಚಾರಿಸಲು ಮಾಮ ಇಳಿದು ಬರುತ್ತಿದ್ದರು, ಬಿಸಿಲಿಗೆ ಕೊಡೆ ಹಿಡಿದುಕೊಂಡು. ಅಂಗಳದ ಬಾಗಿಲಲ್ಲಿ ನಿಂತರು. ನೋಡಿದರು. ಮಂಚದ ಹತ್ತಿರ ಬಂದು ಕೊಡೆಯನ್ನು ಸಂಡಿಗೆಯ ಮೇಲೆ ಹಿಡಿದು, ಹಾಗೇ ಬಗ್ಗಿ ನಿಂತುಬಿಟ್ಟರು. ಬಿಸಿಲು ಅವರ ಬೋಳುತಲೆಯ ಮೇಲೆ ಬೀಳುತ್ತಿತ್ತು. ತಿಳಿ ನೀಲಿ ಆಗಲೇ ಗಾಢ ನೀಲಿಯಾಗಿತ್ತು.

ಅತ್ತೆ ಆಕಾಶ ನೋಡಿದರು. "ಮಳೆ ಬರೋ ಹಾಗಿದೆಯಾ? ಮೋಡವೇ ಇಲ್ವಲ್ಲ. ಕೊಡೆ ತೆಗೀರಿ ಅಣ್ಣ, ಬಿಸಿಲು ಬೀಳಬೇಕು ಅದಕ್ಕೆ."

"ಬಿದ್ದಿದೆ ತಾಯಿ" ಅಂದರು ಮಾಮ. "ಬೇಕಾದಷ್ಟು ಬಿದ್ದಿದೆ." ಕೊಡೆ ಮಡಚಿದರು. "ಇದನ್ನ ಯಾರೂ ತಿನ್ನಬೇಡಿ. ಒಳಗೆ ಔಷಧಿ ಇದೆ" ಅಂದರು.

ಅದೇನೆಂದು ಅತ್ತೆಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಬಿಡಿಸಿ ಹೇಳಿದವಳು ಅಕ್ಕ. ಅತ್ತೆ ಸೌಟು ಕೆಳಗಿಟ್ಟು ಮಂಚದ ಕಾಲಿಗೆ ಒರಗಿ ಕೂತರು. "ನನಗೇನು ಗೊತ್ತು" ಎಂದು ಮೆಲ್ಲಗೆ ಅಂದದ್ದು ಕೇಳಿಸಿತು. ಆ ದನಿಯಿಂದ ಅಷ್ಟು ಮೆಲ್ಲನೆಯ ಮಾತು ಬಂದದ್ದು ಅದೇ ಮೊದಲು. ಆದರೂ ಎದ್ದು ಹೋಗುವಾಗ, "ಹಾಳಾಗಿದ್ದಕ್ಕೆ ನಂಗೂ ಸಂಕಟವೇ. ಆದ್ರೆ ಒಂದು ದೀಪ ನಂಬ್ಕೊಂಡು ಕೂಸನ್ನ ಬಿಟ್ಟುಹೋಗಕ್ಕಾಗುತ್ತಾ? ನೀವೇ ಹೇಳಿ ಅಣ್ಣ" ಅಂದರು. ಮಾಮ ನನ್ನ ಕಡೆ ತಿರುಗಿ, "ನಿನ್ನ ರೂಪಾಯಿ ಮೇಲಿದೆಯಾ?" ಅಂದರು.

ಸೋಮವಾರ ಆ ಚೂರನ್ನು ತರುವ ಕೆಲಸ ನನ್ನದಾಯಿತು. ಮಾಮ ಹೇಳಿಕೊಟ್ಟಂತೆ ಪೊಟ್ಟಣವನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಹೊರಗೆ ಒದ್ದೆ ಟವೆಲು ಸುತ್ತಿ ಹೊರಟೆ. ಮೆಟ್ರೋ ಆಗಿನ್ನೂ ಹೊಸತು. ವಿಶ್ವವಿದ್ಯಾಲಯದ ಸ್ಟೇಷನ್ನಿನವರೆಗೆ ರಿಕ್ಷಾದಲ್ಲಿ ಹೋಗಿ ಒಳಗೆ ಕಾಲಿಟ್ಟ ಮೇಲೆಯೇ ನನ್ನ ಕೈಯಲ್ಲಿರುವುದು ಎಂಥ ಗಂಟು ಎಂದು ಹೊಳೆದದ್ದು. ಸ್ಟೀಲ್ ಡಬ್ಬಿ, ಟೇಪು, ಒದ್ದೆ ಬಟ್ಟೆ, ಒಳಗೆ ಕಪ್ಪು ಪೊಟ್ಟಣ. ಹೆಂಗಸರನ್ನು ತಪಾಸಣೆ ಮಾಡುವ ಪರದೆಯ ಗೂಡಿನಲ್ಲಿ ಪೊಲೀಸಮ್ಮ ಡಬ್ಬಿಯನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

"ಕ್ಯಾ ಹೈ ಯೇ? ಖೋಲೋ."

ಬೆಳಕು ಬಿದ್ದರೆ ಹಾಳಾಗುವ ಫಿಲ್ಮು, ಫೋಟೋದ ರೀಲಿನ ಹಾಗೆ ಎಂದೆ. ತೆಗೆದು ತೋರಿಸಲೇಬೇಕು ಎಂಬಂತೆ ಅವಳು ಮತ್ತೆ "ಖೋಲೋ" ಅಂದಳು. ನನ್ನ ಹಿಂದಿ ಆ ಹೊತ್ತಿಗೆ ಎಲ್ಲಿ ಹೋಯಿತೋ. ಅಕ್ಕನಿಗೆ ಕಿವಿ ಕೇಳಿಸದು, ಮಗು ಅತ್ತರೆ ದೀಪ ಹತ್ತಬೇಕು, ಇದು ಕೆಟ್ಟರೆ ಮಗು ಊರಿಗೆ ಹೋಗಿಬಿಡುತ್ತದೆ ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ತೊದಲಿದೆ. ಹೊರಗೆ ಸಾಲು ಬೆಳೆದು ಹೆಂಗಸರು ಗೊಣಗುತ್ತಿದ್ದರು. ಅವಳು ನನ್ನನ್ನು ಒಂದು ಸಲ ನೋಡಿ, ಪರದೆಯ ಎರಡು ಅಂಚುಗಳನ್ನು ಕೂಡಿಸಿ ಹಿಡಿಯಲು ಹೇಳಿದಳು. ಗೂಡಿನೊಳಗೆ ಮಬ್ಬಾಯಿತು. ತನ್ನ ಮೈಯನ್ನು ಡಬ್ಬಿಯ ಮೇಲೆ ಬಗ್ಗಿಸಿ, ಟೇಪು ಬಿಡಿಸಿ, ಮುಚ್ಚಳವನ್ನು ಅಷ್ಟೇ ಅಷ್ಟು ಎತ್ತಿ ಕೈ ತೂರಿಸಿದಳು. ಪೊಟ್ಟಣವನ್ನು ಬಿಚ್ಚದೆ ಬೆರಳಲ್ಲೇ ಹಿಸುಕಿ ಹಿಸುಕಿ ನೋಡಿದಳು.

"ಬಚ್ಚಾ ಕಿತನೇ ಮಹೀನೇ ಕಾ ಹೈ?"

"ಸಾತ್" ಎಂದೆ, ಏಳು ತಿಂಗಳು.

ಮುಚ್ಚಳ ಒತ್ತಿ ಟೇಪನ್ನು ಅವಳೇ ಮತ್ತೆ ಸುತ್ತಿದಳು. "ಚಲೋ" ಎಂದು ಮುಂದಕ್ಕೆ ಕೈ ತೋರಿಸಿದಳು.

ಮಾಮ ರಜೆ ಹಾಕಿ, ಅಕ್ಕನ ಸ್ನಾನದ ಮನೆಯಲ್ಲಿ ಫಿಲ್ಮನ್ನು ಕೆಡಿಸದ ಹಳದಿ ಬಲ್ಬು ಹಾಕಿಕೊಂಡು ಕಾಯುತ್ತಿದ್ದರು. ಡಬ್ಬಿಯನ್ನು ಕೂಡಲೇ ತೆಗೆಯಲಿಲ್ಲ. ತಣ್ಣಗಿರುವಾಗ ಬಿಚ್ಚಿದರೆ ಒಳಗೆ ಬೆವರುತ್ತದೆ, ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ ಎಂದು ಕಾದರು. ಕಾಯುವಾಗ ತಾವೇ ಬೆವರಿದರು. ಚೂರನ್ನು ಎರಡು ಮಾಡಿ, ಮೊದಲನೆಯದನ್ನು ಬೋರ್ಡಿಗೆ ಹಚ್ಚಿ ಇಸ್ತ್ರಿಪೆಟ್ಟಿಗೆ ಒತ್ತಿದರು. ಕೈ ನಡುಗಿತು, ಫಿಲ್ಮು ಸುಕ್ಕಾಯಿತು. ಅವರು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು ಗೋಡೆ ನೋಡುತ್ತ ನಿಂತರು. ಉಳಿದದ್ದು ಒಂದೇ ತುಂಡು.

ಅಕ್ಕ ಮಗುವನ್ನು ನನ್ನ ತೋಳಿಗೆ ಕೊಟ್ಟು ಒಳಗೆ ಬಂದಳು. "ನೀವು ಹೇಳಿ. ನಾನು ಒತ್ತುತ್ತೀನಿ."

"ಇದು ಬಿಟ್ರೆ ಬೇರೆ ಚೂರಿಲ್ಲ" ಅಂದರು ಮಾಮ.

"ಮುಖ ಈ ಕಡೆ ಮಾಡಿ ಹೇಳಿ. ಕಾಣಿಸ್ತಿಲ್ಲ."

ಆ ಹಳದಿ ಬೆಳಕಿನಲ್ಲಿ ಅವರು ತುಟಿಯನ್ನು ಬಲ್ಬಿನ ಕಡೆಗೆ ತಿರುಗಿಸಿಕೊಂಡು ಒಂದೊಂದೇ ಮಾತು ಹೇಳಿದರು. ಅವಳು ಬೀರುವಿನಲ್ಲಿಡುವ ಸೀರೆಗೆ ಇಸ್ತ್ರಿ ಮಾಡುವ ಹಾಗೆ ಮೆತ್ತಗೆ, ಒಂದೇ ದಿಕ್ಕಿಗೆ ಎಳೆದಳು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಅಷ್ಟು ದಿನ ಬಿಸಿಲಿನಿಂದ ಬಚ್ಚಿಟ್ಟದ್ದನ್ನು ಅದೇ ಅಂಗಳದ ಬಿಸಿಲಿಗೆ ಒಯ್ದು, ನಕ್ಷೆ ಇಟ್ಟು, ಗಾಜು ಹೇರಿ, ಮಾಮ ಬಾಯಲ್ಲಿ ಎಣಿಸಿ ಒಳಗೆ ಓಡಿಬಂದರು. ಸೋಡಾ ನೀರಿನಲ್ಲಿ ಅಲ್ಲಾಡಿಸಿದಾಗ ನೀಲಿ ಗೆರೆಗಳು ನಿಂತವು, ಮಿಕ್ಕದ್ದು ಬಿಟ್ಟುಹೋಯಿತು. ಅತ್ತೆ ಬಾಗಿಲಿನಿಂದ ನೋಡುತ್ತಿದ್ದರು. "ರಂಗೋಲಿ ಇದ್ದ ಹಾಗಿದೆ" ಅಂದರು, ಯಾರಿಗೂ ಅಲ್ಲದಂತೆ.

ಮರುದಿನ, ಬೇಡದ ತಾಮ್ರವನ್ನು ದ್ರಾವಣ ತಿಂದ ಮೇಲೆ, ಅಷ್ಟರಲ್ಲಿ ಬಂದಿದ್ದ ಬಿಡಿಭಾಗಗಳನ್ನು ಸೋಲ್ಡರಿಂಗ್ ಮಾಡಿದವಳೂ ಅಕ್ಕನೇ. ಮಾಮನ ನಡುಗುವ ಬೆರಳು ತೋರಿಸಿದಲ್ಲಿ ಅವಳು ಬಿಸಿ ಕಡ್ಡಿ ತಾಗಿಸುವಳು. ಪ್ರತಿ ಬೊಟ್ಟನ್ನೂ ಮಾಮ ಉಗುರಿನಿಂದ ಮೀಟಿ, ಎಳೆದು, ಅಲುಗಿಸಿ ನೋಡುವರು. "ಅದು ಗಟ್ಟಿ ಇದೆ ಮಾಮ" ಅಂದರೆ, "ಇರಲಿ, ಇನ್ನೊಂದು ಸಲ" ಅನ್ನುವರು.

ಬುಧವಾರ ಮಧ್ಯಾಹ್ನ ಪರೀಕ್ಷೆ. ಮೇಲ್ವಿಚಾರಣೆ ಅತ್ತೆಯದು. ಅಕ್ಕ ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ನಿಂತಳು. ಮಗುವನ್ನು ಒಳಕೋಣೆಯಲ್ಲಿ ಒಂಟಿಯಾಗಿ ಮಲಗಿಸಿ ನಾವೆಲ್ಲ ಈಚೆ ಕೂತೆವು. ಮಗು ಅಳಲೊಲ್ಲದು. ದಿನವಿಡೀ ಕಾರಣವಿಲ್ಲದೆ ಅಳುತ್ತಿದ್ದ ಕೂಸು ಅವತ್ತು ಕಾಲ್ಬೆರಳು ಹಿಡಿದುಕೊಂಡು ತಾನೇ ತಾನಾಗಿ ಕೇಕೆ ಹಾಕುತ್ತಿತ್ತು. ಮಾಮನ ಅಂಗಿ ಬೆನ್ನಿಗೆ ಅಂಟಿತ್ತು. ನಾಳೆಗೆಂದು ಕಟ್ಟಿಟ್ಟ ಸೂಟ್‌ಕೇಸು ಬಾಗಿಲ ಪಕ್ಕದಲ್ಲೇ ಇತ್ತು, ಮೇಲೆ ಮಗುವಿನ ಕುಲಾವಿ.

ಇದ್ದಕ್ಕಿದ್ದಂತೆ ಕುಕ್ಕರು ಕೂಗಿತು. ಗೋಡೆಯ ಕೆಂಪು ದೀಪ ಝಗ್ಗನೆ ಹತ್ತಿತು. ಅಕ್ಕ ಬೆಚ್ಚಿ ತಿರುಗಿದಳು.

"ಅಯ್ಯೋ, ಕುಕ್ಕರಿಗೂ ಹತ್ತುತ್ತಾ ಇದು?" ಅಂದರು ಅತ್ತೆ.

ದೀಪ ಆರಿತು. ಆರಿದ್ದೇ ಮತ್ತೆ ಹತ್ತಿತು. ಈ ಸಲ ಕುಕ್ಕರಲ್ಲ, ಆ ಸದ್ದಿಗೆ ಹೆದರಿದ ಮಗು. ಅತ್ತೆ ಮೊಣಕಾಲಿಗೆ ಕೈಯೂರಿ ಏಳುವಷ್ಟರಲ್ಲಿ ಅಕ್ಕ ನಮ್ಮ ನಡುವಿನಿಂದ ಗಾಳಿಯ ಹಾಗೆ ಹಾದುಹೋಗಿ ಮಗುವನ್ನು ಎತ್ತಿಕೊಂಡಾಗಿತ್ತು.

ಅತ್ತೆ ನಿಂತಲ್ಲೇ ನಿಂತು, ಸೊಸೆಯನ್ನು, ಗೋಡೆಯ ದೀಪವನ್ನು, ಮತ್ತೆ ಸೊಸೆಯನ್ನು ನೋಡಿದರು. "ಕರೆಂಟು ಹೋದ್ರೆ?" ಎಂದು ಮಾಮನನ್ನು ಕೇಳಿದರು.

"ಬ್ಯಾಟರಿ ಇದೆ."

"ಬ್ಯಾಟರಿ ಮುಗಿದ್ರೆ?"

"ಮುಗಿಯೋ ಮುಂಚೆ ಹಸಿರು ದೀಪ ಮಿನುಗುತ್ತೆ."

"ಅದೂ ಕೆಟ್ರೆ?"

"ದಿನಾ ಬೆಳಗ್ಗೆ ನಾನು ಬಂದು ನೋಡ್ತೀನಿ ತಾಯಿ."

ತನ್ನಷ್ಟೇ ಹೆದರುವವರೊಬ್ಬರು ಸಿಕ್ಕರಲ್ಲ ಎಂದು ಅತ್ತೆಗೆ ಅನ್ನಿಸಿರಬೇಕು. ಬಾಗಿಲ ಬಳಿ ಹೋಗಿ ಸೂಟ್‌ಕೇಸು ಬಿಚ್ಚಿದರು. ಮಗುವಿನ ಲಂಗ, ಲಂಗೋಟಿ, ಬೆಳ್ಳಿ ಒಳಲೆ ಒಂದೊಂದನ್ನೂ ಹೊರಗೆ ತೆಗೆದು ದಿವಾನಿನ ಮೇಲೆ ಜೋಡಿಸಿದರು. ಮಾಮ ಎದ್ದು, ಯಾರೂ ಕೇಳದಿದ್ದರೂ, ಫ್ರಿಜ್ಜಿನ ಹತ್ತಿರ ಹೋಗಿ ಅದರ ಪಕ್ಕಕ್ಕೆ ಅಂಗೈ ಒತ್ತಿ ನಿಂತುಕೊಂಡರು. ಒಳಗೆ ಕಾಯುವಂಥದ್ದೇನೂ ಉಳಿದಿರಲಿಲ್ಲ. ಭುಜ ಅಲುಗುತ್ತಿದ್ದದ್ದು ಮಾತ್ರ ಕಂಡಿತು.

ಅತ್ತೆ ಮರುದಿನ ಒಬ್ಬರೇ ಗಾಡಿ ಹತ್ತಿದರು. ಇವತ್ತಿಗೂ ಅವರು ಸಂಡಿಗೆ ಹಾಕುವುದು ಹಳೆಯ ಪಂಚೆಯ ಮೇಲೆ. ಪ್ಲಾಸ್ಟಿಕ್ ಮುಟ್ಟುವುದಿಲ್ಲ.

ಮಾಮ ನಿವೃತ್ತರಾಗುವವರೆಗೆ ಪ್ರತಿ ಬೆಳಗ್ಗೆ ಇಳಿದು ಬಂದು, ಐದು ಬೆರಳನ್ನು ಮೊಗ್ಗು ಮಾಡಿ ಅರಳಿಸಿ, ಅಕ್ಕನನ್ನು "ಹತ್ತಿತಾ?" ಎಂದು ಕೇಳುತ್ತಿದ್ದರು. ತುಮಕೂರು ಸೇರಿದ ಮೇಲೆ ಫೋನಿನಲ್ಲಿ ಬಾವನನ್ನು ಅದೇ ಕೇಳುತ್ತಿದ್ದರು. ಮಗುವಿಗೆ ಅವರು 'ಲೈಟ್ ತಾತ' ಆದರು. ಕ್ವಾರ್ಟರ್ಸು ಬಿಟ್ಟು ದಿಲ್ಲಿಯದೇ ದ್ವಾರಕಾ ಬಡಾವಣೆಗೆ ಹೋದಾಗ ಡಬ್ಬಿಯೂ ದೀಪಗಳೂ ಜೊತೆಗೆ ಹೋದವು. ಮಗು ಬೆಳೆದು ಅಳುವುದು ಬಿಟ್ಟ ಮೇಲೆ ಡಬ್ಬಿ ಅವಳ ಕೋಣೆಯಲ್ಲೇ ಉಳಿದು, ದೀಪ ಅಕ್ಕನಿಗೆ ಕುಕ್ಕರಿನ ದೀಪವಾಯಿತು. ಎಷ್ಟು ಸಲ ಹತ್ತಿತು ಎಂದು ನೋಡಿ ಒಲೆ ಆರಿಸುತ್ತಾಳೆ. ಆ ಬೋರ್ಡಿನ ಒಂದು ಬೊಟ್ಟೂ ಇದುವರೆಗೆ ಬಿಟ್ಟುಕೊಂಡಿಲ್ಲ.

ಕಳೆದ ತಿಂಗಳು ಒಂದು ಬೆಳಗ್ಗೆ ಅಕ್ಕ ಸೊಪ್ಪು ಸೋಸುತ್ತಿದ್ದಳಂತೆ. ಒಲೆಯ ಮೇಲೆ ಏನೂ ಇರಲಿಲ್ಲ, ಕುಕ್ಕರು ತೊಳೆದು ಬೋರಲು ಹಾಕಿತ್ತು. ಗೋಡೆಯ ದೀಪ ಹತ್ತಿತು. ಆರಿತು, ಮತ್ತೆ ಹತ್ತಿತು, ಹತ್ತಿಕೊಂಡೇ ಇತ್ತು. ಅವಳು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಬಿಟ್ಟು ಒಳಕೋಣೆಗೆ ಓಡಿದಳು. ಕಾಲೇಜಿಗೆ ಹೊರಟಿದ್ದ ಮಗಳು ಮಂಚದ ಮೇಲೆ ಕೂತು, ಫೋನು ತೊಡೆಯ ಮೇಲಿಟ್ಟುಕೊಂಡು, ಬಾಯಿಬಿಟ್ಟು ಅಳುತ್ತಿದ್ದಳು. ಅಕ್ಕ ಅವಳ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ತುಟಿ ನೋಡಿದಳು.

"ಮಮ್ಮಿ, ಲೈಟ್ ತಾತ" ಎಂದು ಓದಿದಳು.